ಮನೆಯಂಗಳದಲ್ಲಿ ನಿಂಬೆ ನೀಲಗಿರಿ

ನೀಲಗಿರಿ ಎಂದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ನೆಗಡಿಯ ದಿನಗಳ ಎಣ್ಣೆಯ ಪುಟ್ಟ ಸೀಸೆ. ಆಮೇಲೆ ನೆನಪಾಗುವುದು ರಸ್ತೆಯ ಬದಿಯಲ್ಲಿ ಸಾಲುಗಟ್ಟಿ ನಿಂತ ತೆಳ್ಳನೆಯ ಮರಗಳ ತೋಪು. ಇವೆರಡರ ನಡುವೆ ಮೂರನೆಯದೊಂದು ನೀಲಗಿರಿಯೂ ಉಂಟು. ಅದು ಕುಂಡದಲ್ಲಿ ಬೆಳೆಯುವ, ಎಲೆಯನ್ನು ಬೆರಳಲ್ಲಿ ಉಜ್ಜಿದರೆ ನಿಂಬೆಯ ಪರಿಮಳ ಬಿಡುವ ಚೆಲುವಾದ ಗಿಡ. ಇದನ್ನು ರಾಯಚೂರಿನಂಥ ಬಿಸಿಲೂರಿನಲ್ಲಿ, ದೇವದುರ್ಗ ಮಾನ್ವಿಗಳ ಎರೆ ನೆಲದಲ್ಲಿ ಮನೆಯ ಮುಂದೆ ಬೆಳೆಸಬಹುದೆ ಎಂದು ಹಲವರು ಕೇಳುವುದುಂಟು. ಬೆಳೆಸಬಹುದು. ಆದರೆ ಯಾವ ಜಾತಿಯನ್ನು ತರಬೇಕು, ಎಲ್ಲಿ ಇಡಬೇಕು, ಎಷ್ಟು ಎತ್ತರಕ್ಕೆ ಬಿಡಬೇಕು ಎಂಬ ಮೂರು ಮಾತುಗಳನ್ನು ಮೊದಲೇ ತಿಳಿದುಕೊಳ್ಳದೆ ಹೋದರೆ, ಒಂದೋ ಗಿಡ ಏಪ್ರಿಲ್ ತಿಂಗಳಲ್ಲಿ ಒಣಗಿ ಹೋಗುತ್ತದೆ, ಇಲ್ಲವೆ ಹತ್ತು ವರ್ಷಗಳಲ್ಲಿ ಮನೆಯ ಗೋಡೆಗೇ ಸಂಚಕಾರ ತರುತ್ತದೆ.

ಹೆಸರಿನಿಂದಲೇ ಮೊದಲು ಮಾಡೋಣ. ಈ ಮರಗಳ ತವರು ಆಸ್ಟ್ರೇಲಿಯ. ನಮ್ಮ ನೀಲಗಿರಿ ಬೆಟ್ಟಗಳಲ್ಲಿ ಇವನ್ನು ನೆಡತೊಡಗಿದ್ದು ೧೮೪೩ರ ಸುಮಾರಿಗೆ; ಉದಕಮಂಡಲದ ಚಳಿಗೆ ಬೇಕಾದ ಸೌದೆಗಾಗಿ ದೊಡ್ಡ ತೋಪುಗಳೆದ್ದದ್ದು ಅದರ ಮುಂದಿನ ದಶಕಗಳಲ್ಲಿ. ಬೆಟ್ಟದ ಹೆಸರೇ ಮರಕ್ಕೆ ಅಂಟಿಕೊಂಡಿತು. ಇದಕ್ಕೂ ಅರ್ಧ ಶತಮಾನ ಹಿಂದೆ, ೧೭೯೦ರ ಸುಮಾರಿಗೆ, ಟಿಪ್ಪು ಸುಲ್ತಾನನು ನಂದಿಬೆಟ್ಟದ ತನ್ನ ತೋಟಕ್ಕೆ ಇವುಗಳ ಬೀಜ ತರಿಸಿ ಹಾಕಿಸಿದನೆಂದು ಹೇಳುತ್ತಾರೆ. ಬಯಲುಸೀಮೆಯಲ್ಲೆಲ್ಲ ಕಾಣುವ 'ಮೈಸೂರು ಗಮ್' ಎಂಬ ತಳಿ ನಂದಿಬೆಟ್ಟದ ಮರಗಳ ಸಂತತಿಯೇ. ಇನ್ನು ಯೂಕಲಿಪ್ಟಸ್ ಎಂಬ ಶಾಸ್ತ್ರದ ಹೆಸರನ್ನು ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆರಿಟಿಯೆ ಎಂಬಾತ ೧೭೮೮ರಲ್ಲಿ ಇಟ್ಟನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ 'ಚೆನ್ನಾಗಿ ಮುಚ್ಚಿದ್ದು' ಎಂದು ಅರ್ಥ. ಮೊಗ್ಗನ್ನು ನೋಡಿದರೆ ಇದರ ಔಚಿತ್ಯ ತಿಳಿಯುತ್ತದೆ: ಕುಂಕುಮದ ಭರಣಿಗೆ ಮುಚ್ಚಳವಿದ್ದಂತೆ ಮೊಗ್ಗಿಗೊಂದು ಟೊಪ್ಪಿಗೆಯಿರುತ್ತದೆ. ಹೂ ಅರಳುವಾಗ ಆ ಟೊಪ್ಪಿಗೆ ಕಳಚಿ ಬಿದ್ದು, ಒಳಗಿನ ಕೇಸರಗಳು ಕುಚ್ಚಿನಂತೆ ಹೊರಚಾಚುತ್ತವೆ. ದಳಗಳೆಂಬುವು ಬೇರೆಯಾಗಿ ಕಾಣಿಸವು.

ಈಗ ಜಾತಿಯ ಮಾತು. ಇದರಲ್ಲಿಯೇ ಬಹುಮಂದಿ ಎಡವುವುದು. ಉದಕಮಂಡಲಕ್ಕೆ ಪ್ರವಾಸ ಹೋದವರು ಅಲ್ಲಿಯ ಗಿಡದ ಬೂದುಬಣ್ಣದ ದುಂಡನೆಯ ಎಳೆ ಎಲೆಗಳಿಗೆ ಮನಸೋತು ಒಂದು ಸಸಿಯನ್ನು ಚೀಲದಲ್ಲಿಟ್ಟುಕೊಂಡು ಬರುತ್ತಾರೆ. ಅದು ಬೆಟ್ಟದ ತಂಪಿನಲ್ಲಿ ಬಾಳುವ ಜಾತಿ. ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿಗಳನ್ನು ಮೀರುತ್ತದೆ. ವರ್ಷದ ಮಳೆ ೬೦೦ ಮಿಲಿಮೀಟರುಗಳ ಆಚೀಚೆ. ಬೆಟ್ಟದ ಗಿಡ ಇಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗೆ ನಗುನಗುತ್ತ ಇದ್ದು, ಯುಗಾದಿಯ ಹೊತ್ತಿಗೆ ಬಾಡಿ, ಮುಂದಿನ ಮಳೆಗಾಲವನ್ನು ಕಾಣದೆ ಹೋಗುತ್ತದೆ. ಹೂಗುಚ್ಛಗಳಲ್ಲಿ ಈಗ ಬಲು ಬೇಡಿಕೆಯಲ್ಲಿರುವ, ಬೆಳ್ಳಿ ನಾಣ್ಯಗಳನ್ನು ಪೋಣಿಸಿದಂತೆ ಎಲೆಯಿರುವ 'ಸಿಲ್ವರ್ ಡಾಲರ್' ಎಂಬುದೂ ತಂಪು ಬಯಸುವ ಗಿಡವೇ. ಕಾಂಡದ ಮೇಲೆ ಏಳು ಬಣ್ಣ ತೋರುವ 'ಕಾಮನಬಿಲ್ಲಿನ ನೀಲಗಿರಿ' ಎಂದು ಚಿತ್ರ ತೋರಿಸಿ ಬೀಜ ಮಾರುವವರೂ ಉಂಟು. ಅದು ಫಿಲಿಪೈನ್ಸ್, ನ್ಯೂಗಿನಿಗಳ ಜಡಿಮಳೆಯ ಕಾಡಿನದು. ಮಾನ್ವಿಯ ಮಾಳಿಗೆಯ ಮೇಲೆ ಅದು ಬದುಕುವ ಆಸೆ ಬೇಡ.

ನಮ್ಮ ಸೀಮೆಗೆ ಒಪ್ಪುವುದು ನಿಂಬೆಯ ವಾಸನೆಯ ನೀಲಗಿರಿ. ಸಸ್ಯಕ್ಷೇತ್ರಗಳ ಚೀಟಿಯಲ್ಲಿ ಇದನ್ನು ಯೂಕಲಿಪ್ಟಸ್ ಸಿಟ್ರಿಯೋಡೋರಾ ಎಂದು ಬರೆದಿರುತ್ತಾರೆ. ೧೯೯೫ರಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಕೊರಿಂಬಿಯಾ ಎಂಬ ಬೇರೆ ಕುಲಕ್ಕೆ ಸೇರಿಸಿದ್ದರಿಂದ ಕೆಲವೆಡೆ ಕೊರಿಂಬಿಯಾ ಸಿಟ್ರಿಯೋಡೋರಾ ಎಂದೂ ಇರಬಹುದು. ಎರಡೂ ಒಂದೇ. ಇದು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದ್ದಾದುದರಿಂದ ಬಿಸಿಲಿಗೆ ಅಂಜುವುದಿಲ್ಲ. ಚೀಟಿಯನ್ನು ನಂಬುವುದಕ್ಕಿಂತ ಮೂಗನ್ನು ನಂಬುವುದು ಲೇಸು: ಒಂದು ಎಲೆ ಕಿತ್ತು ಹಿಸುಕಿ ಮೂಸಿರಿ. ಔಷಧದ ಅಂಗಡಿಯ ವಾಸನೆ ಬಂದರೆ ಅದು ಬೇರೆ ಜಾತಿ. ನಿಂಬೆಹುಲ್ಲಿನ ವಾಸನೆ ಬಂದರೆ ಇದು. ಎಳೆ ಗಿಡದ ಎಲೆಯ ಮೇಲೆ ಸಣ್ಣ ರೋಮಗಳಿದ್ದು ಮುಟ್ಟಿದರೆ ಒರಟಾಗಿರುತ್ತದೆ. ಬಲಿತಂತೆ ಎಲೆ ನುಣುಪಾಗಿ, ನೀಳವಾಗಿ ಜೋತುಬೀಳುತ್ತದೆ.

ಸಸಿ ಕೊಳ್ಳುವಾಗ ಎತ್ತರಕ್ಕೆ ಮರುಳಾಗಬೇಡಿರಿ. ಮೂರು ಅಡಿಯ ಗಿಡಕ್ಕಿಂತ ಒಂದಡಿಯದು ಮೇಲು. ಚೀಲದ ತಳವನ್ನು ತಿರುಗಿಸಿ ನೋಡಿರಿ. ಬೇರು ಸುತ್ತಿಕೊಂಡು ಸಿಂಬಿಯಂತಾಗಿದ್ದರೆ ಆ ಸಸಿಯನ್ನು ಅಲ್ಲಿಯೇ ಬಿಡಿರಿ. ನೀಲಗಿರಿಯ ಬೇರು ಒಮ್ಮೆ ಸುತ್ತಿಕೊಂಡರೆ ಮುಂದೆ ನೆಟ್ಟಗಾಗುವುದಿಲ್ಲ. ಬೀಜದಿಂದಲೇ ಬೆಳೆಸುವ ಹವ್ಯಾಸವುಳ್ಳವರು ಜನವರಿಯ ಕೊನೆಗೆ ಬಿತ್ತಬಹುದು. ಈ ಮರಗಳ ಬೀಜಗಳು ಬಹು ಸಣ್ಣವು. ನಿಂಬೆ ನೀಲಗಿರಿಯದು ಅವುಗಳಲ್ಲಿ ತುಸು ದಪ್ಪ. ಅಗಲವಾದ ತಟ್ಟೆಯಲ್ಲಿ ಮರಳು ಮತ್ತು ಜರಡಿ ಹಿಡಿದ ಗೊಬ್ಬರ ಬೆರೆಸಿ, ಬೀಜ ಉದುರಿಸಿ, ಮೇಲೆ ಮರಳನ್ನು ತೆಳ್ಳಗೆ ಹರಡಿದರೆ ಸಾಕು. ನೀರನ್ನು ತಂಬಿಗೆಯಿಂದ ಸುರಿಯಕೂಡದು, ಕೈಯಿಂದ ಚಿಮುಕಿಸಬೇಕು. ಒಂದೆರಡು ವಾರಗಳಲ್ಲಿ ಮೊಳೆಯುತ್ತದೆ. ನಾಲ್ಕೆಲೆಯಾದಾಗ ಒಂದೊಂದನ್ನೇ ಬೇರೆ ಬೇರೆ ಚೀಲಗಳಿಗೆ ಸಾಗಿಸಿ, ಬೇಸಗೆಯನ್ನು ಚಪ್ಪರದ ನೆರಳಲ್ಲಿ ಕಳೆಯಿಸಿ, ಮುಂಗಾರಿನ ಮೊದಲ ಒಳ್ಳೆಯ ಮಳೆಗೆ ದೊಡ್ಡ ಕುಂಡಕ್ಕೆ ಹಾಕಬೇಕು.

ಮಣ್ಣಿನ ವಿಷಯ ತುಸು ವಿಸ್ತಾರವಾಗಿಯೇ ಹೇಳಬೇಕು. ನಮ್ಮ ಎರೆ ಮಣ್ಣು ಜೋಳಕ್ಕೂ ಹತ್ತಿಗೂ ತಾಯಿಯಿದ್ದಂತೆ; ಆದರೆ ಕುಂಡಕ್ಕೆ ಅದು ಹೇಳಿದ್ದಲ್ಲ. ನೀರು ಬಿದ್ದಾಗ ಉಬ್ಬಿ ಮುದ್ದೆಯಾಗುತ್ತದೆ, ಬೇರಿಗೆ ಗಾಳಿ ಸಿಗದು. ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರೆಲ್ಲ ಆ ಸಂದಿನಿಂದಲೇ ಇಳಿದುಹೋಗಿ, ನಡುವಿನ ಬೇರು ಒಣಗಿಯೇ ಇರುತ್ತದೆ. ಮೇಲಿನಿಂದ ನೋಡಿದವರಿಗೆ ಗಿಡಕ್ಕೆ ನೀರು ಹಾಕಿದಂತೆಯೇ ಕಾಣುತ್ತದೆ! ಆದುದರಿಂದ ಎರಡು ಪಾಲು ಕೆಂಪು ಗರಸು ಮಣ್ಣು, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಸುಟ್ಟ ಭತ್ತದ ಹೊಟ್ಟು ಕೂಡಿಸಿಕೊಳ್ಳಿರಿ. ಕಾಲುವೆ ಬಂದ ಮೇಲೆ ಮಾನ್ವಿಯ ಸುತ್ತಮುತ್ತ ಭತ್ತದ ಗಿರಣಿಗಳಿಗೆ ಕೊರತೆಯಿಲ್ಲ. ಹೊಟ್ಟು ಕೇಳಿದರೆ ಸಿಗುವ ವಸ್ತು. ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಹಸಿ ಗೊಬ್ಬರ ಹಾಕಿದರೆ ಗೆದ್ದಲನ್ನು ಊಟಕ್ಕೆ ಕರೆದಂತೆಯೇ ಸರಿ. ಎಳೆಯ ನೀಲಗಿರಿಗೆ ಗೆದ್ದಲಿಗಿಂತ ದೊಡ್ಡ ಶತ್ರುವಿಲ್ಲ. ಅದು ನೆಲದ ಮಟ್ಟದಲ್ಲಿ ತೊಗಟೆಯನ್ನು ಸುತ್ತ ಕೊರೆದುಬಿಡುತ್ತದೆ. ನಿನ್ನೆ ಚೆನ್ನಾಗಿದ್ದ ಗಿಡ ಇಂದು ಜೋತುಬಿದ್ದಿರುತ್ತದೆ. ಒಂದು ಹಿಡಿ ಬೇವಿನ ಹಿಂಡಿಯನ್ನು ಮಣ್ಣಿನಲ್ಲಿ ಬೆರೆಸುವುದೂ, ಕುಂಡವನ್ನು ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲೆ ಇಡುವುದೂ ಸುಲಭವಾದ ಕಾವಲು.

ಇಟ್ಟಿಗೆಯ ಮಾತಿಗೆ ಮತ್ತೊಂದು ಕಾರಣವೂ ಉಂಟು. ನಮ್ಮ ಕಡೆಯ ಅಂಗಳಕ್ಕೂ ಮಾಳಿಗೆಗೂ ಶಹಾಬಾದ್ ಕಲ್ಲು ಹಾಸುವ ರೂಢಿಯಷ್ಟೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದವರಿಗೆ ಅದರ ಕಾವು ಗೊತ್ತು. ಕುಂಡದೊಳಗಿನ ಬೇರಿಗೂ ಅದೇ ಗತಿ. ಎರಡು ಇಟ್ಟಿಗೆಗಳ ಮೇಲೆ ಇಟ್ಟರೆ ಅಡಿಯಲ್ಲಿ ಗಾಳಿಯಾಡುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡಕ್ಕಿಂತ ಮಣ್ಣಿನದು ತಂಪು. ನೀರು ಬೇಗ ಆರುವುದಾದರೂ ಬೇರು ಬೇಯುವುದಿಲ್ಲ. ಅನುಕೂಲವಿದ್ದವರು ಒಂದು ಕುಂಡವನ್ನು ಅದಕ್ಕಿಂತ ದೊಡ್ಡದಾದ ಇನ್ನೊಂದರೊಳಗೆ ಇರಿಸಿ, ನಡುವೆ ಮರಳು ತುಂಬಿ, ಆ ಮರಳನ್ನು ಒದ್ದೆಯಾಗಿಡಬಹುದು. ನೀರಿನ ಹೂಜಿಯನ್ನು ಮರಳಿನ ಮೇಲಿಟ್ಟು ತಂಪುಗೊಳಿಸುತ್ತಿದ್ದ ನಮ್ಮ ಅಜ್ಜಿಯರ ಉಪಾಯವೇ ಇದು.

ಬಿಸಿಲು ಮಾತ್ರ ಈ ಗಿಡಕ್ಕೆ ಬೇಕೇಬೇಕು. ಪಡಸಾಲೆಯಲ್ಲಿ ರೇಡಿಯೋದ ಪಕ್ಕಕ್ಕೆ ಇದನ್ನು ಇಟ್ಟರೆ ಚೆನ್ನಾಗಿ ಕಾಣುತ್ತದೆ, ನಿಜ; ಎರಡು ವಾರ ಕಾಣುತ್ತದೆ. ಆಮೇಲೆ ಕಾಂಡ ಸೊರಗಿ, ಕೆಳಗಿನ ಎಲೆಗಳು ಉದುರತೊಡಗುತ್ತವೆ. ಅತಿಥಿಗಳು ಬಂದ ದಿನ ಒಳಗೆ ತಂದು ಮರುದಿನ ಹೊರಗಿಡಬಹುದು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಪೂರ್ವದ ಅಥವಾ ದಕ್ಷಿಣದ ಬದಿ ಉತ್ತಮ. ಪಶ್ಚಿಮದ ಗೋಡೆಯ ಬುಡ ಬೇಡ; ಬೇಸಗೆಯ ಸಂಜೆ ಆ ಗೋಡೆಯೇ ಒಲೆಯಾಗಿರುತ್ತದೆ.

'ನೀಲಗಿರಿಗೆ ನೀರು ಬೇಡ' ಎಂಬ ನಂಬಿಕೆಯೊಂದು ಹಬ್ಬಿದೆ. ನೆಲದಲ್ಲಿ ಬೇರು ಬಿಟ್ಟ ಮರಕ್ಕೆ ನಾವು ನೀರು ಹಾಕಬೇಕಾಗಿಲ್ಲವೆಂಬುದು ದಿಟ. ಅದು ತಾನೇ ಆಳದಿಂದ ಎಳೆದುಕೊಳ್ಳುತ್ತದೆ. ಕುಂಡದ ಗಿಡಕ್ಕೆ ಆ ಆಳವೆಲ್ಲಿ? ಅದಕ್ಕೆ ಮೇ ತಿಂಗಳಲ್ಲಿ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ನೀರು ಬೇಕು. ಒಂದು ದಿನ ಊರಿಗೆ ಹೋಗಿ ಮರೆತರೆ ಎಲೆಗಳು ಹಪ್ಪಳದಂತಾಗುತ್ತವೆ. ಹಾಗಾದ ಎಲೆಗಳು ಮತ್ತೆ ಚೇತರಿಸಿಕೊಳ್ಳುವುದಿಲ್ಲ. ರಜೆಗೆ ಹೊರಡುವವರು ನೆರೆಮನೆಯವರಿಗೆ ಕೀಲಿಕೈ ಕೊಡುವಾಗ ಕುಂಡದ ಮಾತನ್ನೂ ಹೇಳಿ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಬೆರಳಿನಿಂದ ಮಣ್ಣನ್ನು ಒಂದು ಅಂಗುಲ ಕೆದಕಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿದರೆ ಸಾಕು.

ಇಲ್ಲಿ ಕೊಳವೆಬಾವಿಯ ನೀರಿನ ಬಗೆಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಅನೇಕ ಓಣಿಗಳಲ್ಲಿ ನೀರು ಸವುಳು. ಕುಂಡದ ಅಂಚಿಗೆ ಬಿಳಿಯ ಪದರು ಕಟ್ಟುತ್ತದೆ. ಅಂಥ ನೀರನ್ನೇ ಹಾಕುತ್ತ ಹೋದರೆ ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚಾಗಿ, ಗಿಡಕ್ಕೆ ಕಬ್ಬಿಣದ ಅಂಶ ದೊರೆಯದೆ ಹೋದದ್ದರ ಗುರುತು ಅದು. ಕಿರಾಣಿಯವರಲ್ಲಿ ಸಿಗುವ ಅನ್ನಭೇದಿ ಇದಕ್ಕೆ ಮದ್ದು: ಒಂದು ಲೀಟರ್ ನೀರಿಗೆ ೫ ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ ಕಲಸಿ ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸಿರಿ; ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಕಲ್ಲಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗದು, ಗಿಡವನ್ನು ಬದಿಗೆ ಸರಿಸಿ ಸಿಂಪಡಿಸುವುದು ಜಾಣತನ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಹಿಡಿದಿಟ್ಟು ಹಾಕುವವರಿಗೆ ಈ ಕಾಟ ಕಡಿಮೆ.

ಗಿಡ ಎರಡು ಅಡಿಯಾದಾಗ ತುದಿಯನ್ನು ಚಿವುಟಿರಿ. ಚಿವುಟದಿದ್ದರೆ ಕೋಲಿನಂತೆ ಮೇಲಕ್ಕೆ ಓಡುತ್ತದೆ. ಚಿವುಟಿದರೆ ಬದಿಯ ಟೊಂಗೆಗಳೊಡೆದು ಪೊದೆಯಾಗುತ್ತದೆ. ಅನಂತರ ವರ್ಷಕ್ಕೊಮ್ಮೆ, ಮುಂಗಾರು ಹಿಡಿದ ಮೇಲೆ, ಧೈರ್ಯವಾಗಿ ಒಂದೂವರೆ ಅಡಿಗೆ ಕತ್ತರಿಸಬೇಕು. ಕತ್ತರಿ ಹಾಕಲು ಕೈ ನಡುಗುವುದು ಸಹಜ. ಆದರೆ ಈ ಮರಗಳ ಸ್ವಭಾವವೇ ಹಾಗೆ: ಬುಡದ ಗಂಟಿನಲ್ಲಿಯೂ ತೊಗಟೆಯ ಅಡಿಯಲ್ಲಿಯೂ ಮಲಗಿರುವ ಕಣ್ಣುಗಳು ಕಡಿದಾಗಲೇ ಎಚ್ಚರಗೊಳ್ಳುತ್ತವೆ. ಆಸ್ಟ್ರೇಲಿಯದ ಕಾಳ್ಗಿಚ್ಚಿನಲ್ಲಿ ಸುಟ್ಟ ಕಾಡು ಮತ್ತೆ ಚಿಗುರುವುದು ಈ ಕಣ್ಣುಗಳಿಂದಲೇ. ಹೊಸ ಚಿಗುರಿನ ಎಲೆಗಳಿಗೆ ಅಗಲವೂ ಹೆಚ್ಚು, ಪರಿಮಳವೂ ಹೆಚ್ಚು. ಬೇಸಗೆಯ ಮುಂಚೆ ಮಾತ್ರ ಕಡಿಯಬೇಡಿರಿ, ಎಳೆ ಚಿಗುರು ಬಿಸಿಲಿಗೆ ಕರಿಯಾಗುತ್ತದೆ.

ಕೀಟದ ಕಾಟದಲ್ಲಿ ಹೆಸರಾದದ್ದು ಎಲೆಯ ದೇಟಿನ ಮೇಲೂ ನರದ ಮೇಲೂ ಗಂಟು ಕಟ್ಟಿಸುವ ಒಂದು ಸಣ್ಣ ಕಣಜ. ನಮ್ಮ ದೇಶದಲ್ಲಿ ಇದು ಮೊದಲು ಕಣ್ಣಿಗೆ ಬಿದ್ದದ್ದು ೨೦೦೧ರಲ್ಲಿ, ಮಂಡ್ಯ ಜಿಲ್ಲೆಯಲ್ಲಿ. ತೋಪಿನ ನೀಲಗಿರಿಗಳನ್ನು ಅದು ಬಹಳವಾಗಿ ಕಾಡಿತು. ನಿಂಬೆ ನೀಲಗಿರಿಯ ತಂಟೆಗೆ ಅಷ್ಟಾಗಿ ಬರುವುದಿಲ್ಲ. ಗಂಟು ಕಂಡ ಟೊಂಗೆಯನ್ನು ಕತ್ತರಿಸಿ ದೂರ ಹಾಕಿದರಾಯಿತು.

ಇನ್ನು ಸೊಳ್ಳೆಯ ವಿಚಾರ. ಈ ಗಿಡವನ್ನು ಕೊಳ್ಳುವವರಲ್ಲಿ ಅರ್ಧಕ್ಕರ್ಧ ಜನ 'ಸೊಳ್ಳೆ ಬಾರದು' ಎಂಬ ಮಾತಿಗೆ ಒಲಿದವರು. ಈ ನಂಬಿಕೆ ಹಳೆಯದು. ಮಲೇರಿಯ ಕೆಟ್ಟ ಗಾಳಿಯಿಂದ ಬರುವುದೆಂದು ತಿಳಿದಿದ್ದ ಕಾಲದಲ್ಲಿ, ೧೯ನೆಯ ಶತಮಾನದಲ್ಲಿ, ರೋಮ್ ನಗರದ ಬಳಿಯ ಜವುಗು ಪ್ರದೇಶದಲ್ಲಿ ಒಂದು ಮಠದ ಸಾಧುಗಳು ಗಾಳಿ ಶುದ್ಧವಾಗಲೆಂದು ನೀಲಗಿರಿಯ ತೋಪನ್ನೇ ಬೆಳೆಸಿದರು. ಮಲೇರಿಯದ ನಿಜವಾದ ಗುಟ್ಟು ಬಯಲಾದದ್ದು ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ. ಅಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ರೋಗದ ಜೀವಿಯನ್ನು ಕಂಡನು. ರಾಯಚೂರು ಆಗ ಅದೇ ನಿಜಾಮ ಸಂಸ್ಥಾನದ ಒಂದು ಜಿಲ್ಲೆ. ಸುಮ್ಮನೆ ನಿಂತ ಗಿಡದಿಂದ ಸೊಳ್ಳೆ ಓಡುವುದಿಲ್ಲ. ಎಲೆಯೊಳಗಿನ ಎಣ್ಣೆ ಹೊರಬಂದರೆ ತಾನೆ ಅದಕ್ಕೆ ಶಕ್ತಿ? ನಿಂಬೆ ನೀಲಗಿರಿಯ ಎಣ್ಣೆಯಿಂದ ಸಿದ್ಧಪಡಿಸಿದ ಲೇಪನಗಳು ಮೈಗೆ ಹಚ್ಚಿಕೊಂಡಾಗ ಸೊಳ್ಳೆಯನ್ನು ದೂರವಿಡುವುದು ನಿಜ. ಅದು ಕಾರ್ಖಾನೆಯ ಕೆಲಸ. ವಿನೋದವೆಂದರೆ, ಸೊಳ್ಳೆ ಓಡಿಸಲೆಂದು ಇಟ್ಟ ಕುಂಡದ ಅಡಿಯ ತಟ್ಟೆಯಲ್ಲಿ ನಿಂತ ನೀರೇ ಡೆಂಗಿ ಜ್ವರದ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಮೊಟ್ಟೆ ಸೊಳ್ಳೆಯಾಗಲು ಅದಕ್ಕೆ ಏಳೆಂಟು ದಿನ ಸಾಕು. ತಟ್ಟೆಯನ್ನು ಇಡಲೇಬೇಡಿರಿ; ಇಟ್ಟರೆ ವಾರಕ್ಕೆ ಎರಡು ಸಲ ಬರಿದು ಮಾಡಿ ಒರಸಿರಿ.

ಔಷಧದ ವಿಷಯದಲ್ಲಿಯೂ ಇಂಥದೇ ಗೊಂದಲ. ನೆಗಡಿಗೆ ಬಳಸುವ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್ ಎಂಬುದು. ಅದು ಬೆಟ್ಟದ ನೀಲಗಿರಿಯಲ್ಲಿ ಹೇರಳ. ನಿಂಬೆ ನೀಲಗಿರಿಯಲ್ಲಿರುವುದು ಬಹುಪಾಲು ಸಿಟ್ರೊನೆಲಾಲ್, ಸಾಬೂನು ಸುಗಂಧಗಳಿಗೆ ಹೋಗುವಂಥದು. ಆದುದರಿಂದ ಮನೆಯ ಗಿಡದ ಎಲೆಯನ್ನು ಕುದಿಸಿ ಕಷಾಯ ಮಾಡುವ ಸಾಹಸ ಬೇಡ. ಅಂಗಡಿಯ ಎಣ್ಣೆಯ ಸೀಸೆಯ ಬಗೆಗೆ ತಾಯಂದಿರಿಗೆ ಒಂದು ಮಾತು: ಅದು ಹೊರಗಿನ ಉಪಯೋಗಕ್ಕೆ ಮಾತ್ರ. ಒಂದು ಚಹದ ಚಮಚದಷ್ಟು ಹೊಟ್ಟೆಗೆ ಹೋದರೂ ಎಳೆಯ ಮಗುವಿಗೆ ಮಂಪರು ಕವಿದು ಸೆಳವು ಬರಬಹುದು. ಹಸುಗೂಸಿನ ಮೂಗಿನ ಬಳಿ ಹಚ್ಚುವ ರೂಢಿಯನ್ನೂ ಬಿಡಬೇಕು. ಮಗು ಎಣ್ಣೆ ಕುಡಿದಿದ್ದರೆ ವಾಂತಿ ಮಾಡಿಸಲು ಹೋಗದೆ, ಸೀಸೆಯೊಡನೆ ನೇರವಾಗಿ ದವಾಖಾನೆಗೆ ಒಯ್ಯಿರಿ.

ಎರಡು ಮೂರು ವರ್ಷ ಕುಂಡದಲ್ಲಿ ಚೆನ್ನಾಗಿ ಬಂದ ಗಿಡವನ್ನು ಕಂಡವರಿಗೆ, ಇದನ್ನು ನೆಲಕ್ಕಿಳಿಸಿದರೆ ಹೇಗೆ ಎಂಬ ಆಸೆ ಹುಟ್ಟುತ್ತದೆ. ಬಿಳಿಯ ನುಣುಪಾದ ಕಾಂಡದ ಬೆಳೆದ ಮರ ಬೆಳದಿಂಗಳಲ್ಲಿ ಬಹು ಸುಂದರವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೂ ಬೇಡವೆನ್ನುತ್ತೇನೆ. ತವರಿನಲ್ಲಿ ಈ ಮರ ನೂರು ಅಡಿ ಮೀರುತ್ತದೆ. ನಮ್ಮ ಎರೆ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದು ಎಲ್ಲರೂ ಬಲ್ಲ ಸಂಗತಿ. ಅಂಥ ನೆಲದಲ್ಲಿ ತಳಪಾಯದ ಹತ್ತಿರ ನೀರು ಹೀರುವ ಮರವೊಂದು ನಿಂತರೆ ಮಣ್ಣು ಒಂದು ಬದಿಗೆ ಹೆಚ್ಚು ಕುಗ್ಗಿ, ಗೋಡೆಯಲ್ಲಿ ಓರೆ ಬಿರುಕು ಮೂಡುತ್ತದೆ. ಬಿರುಕು ನಿಮ್ಮ ಗೋಡೆಯಲ್ಲಿಯೇ ಮೂಡಬೇಕೆಂದಿಲ್ಲ, ನೆರೆಯವರದರಲ್ಲಿಯೂ ಮೂಡಬಹುದು. ಆಮೇಲಿನ ಮಾತುಕತೆ ನಿಮಗೇ ಗೊತ್ತು.

ನೀರಿನ ಲೆಕ್ಕವಂತೂ ನಮ್ಮ ನಾಡಿನಲ್ಲಿಯೇ ದೊಡ್ಡ ಜಗಳವಾಗಿ ಹೋದದ್ದು. ೧೯೮೦ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ, ತುಮಕೂರು ಮೊದಲಾದೆಡೆ ನೀಲಗಿರಿ ವಿಪರೀತವಾಗಿ ಹಬ್ಬಿತು. ೧೯೮೭ರ ನವೆಂಬರ್ ೧೪ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ತಮ್ಮ ಗೋಮಾಳದಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಉಪಯೋಗದ ಬೇರೆ ಸಸಿಗಳನ್ನು ಹಚ್ಚಿದರು; ಅದು 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹವೆಂದು ಹೆಸರಾಯಿತು. ಹೊಸಕೋಟೆಯ ಕಡೆ ನಡೆಸಿ ೧೯೯೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಆಳವಾದ ಮಣ್ಣಿನಲ್ಲಿ ಬೆಳೆಯುತ್ತಿದ್ದ ಎಳೆಯ ತೋಪು ಆ ಅವಧಿಯಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿದ್ದುದನ್ನು ಅಳೆದು ತೋರಿಸಿತು. ಬೇರುಗಳು ಕೆಳಕೆಳಕ್ಕೆ ಇಳಿದು ಹಳೆಯ ದಾಸ್ತಾನಿಗೆ ಕೈಹಾಕಿದ್ದವು. ೨೦೧೭ರಲ್ಲಿ ರಾಜ್ಯ ಸರಕಾರವೇ ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ನಿಷೇಧಿಸುವ ಆದೇಶ ಹೊರಡಿಸಿತು. ಹೊಲದ ಬದುವಿನಲ್ಲಿ ಹಾಕುವ ಯೋಚನೆಯುಳ್ಳವರು ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ನೆರಳೇ ಬೇಕಾದವರಿಗೆ ಬೇವೂ ಹೊಂಗೆಯೂ ಇದ್ದೇ ಇವೆ. ನೀಲಗಿರಿಯ ಎಲೆ ನಡುಹಗಲಿನ ಬಿಸಿಲಿಗೆ ಅಂಚನ್ನು ಒಡ್ಡಿ ಜೋತುಬೀಳುವುದರಿಂದ ಅದರ ಅಡಿಯಲ್ಲಿ ನಿಂತವನಿಗೆ ನೆರಳು ಅಷ್ಟಕ್ಕಷ್ಟೆ.

ಹಾಗಾದರೆ ಕುಂಡ ಕಿರಿದಾದಾಗ ಏನು ಮಾಡಬೇಕು? ಎರಡು ವರ್ಷಕ್ಕೊಮ್ಮೆ, ಜೂನ್ ಜುಲೈಯಲ್ಲಿ, ಮೇಲೆ ಕತ್ತರಿಸುವಾಗಲೇ ಗಿಡವನ್ನು ಕುಂಡದಿಂದ ಮೆಲ್ಲನೆ ಹೊರತೆಗೆದು, ಹೊರಸುತ್ತಿನ ಬೇರನ್ನು ಒಂದು ಅಂಗುಲದಷ್ಟು ಹರಿತವಾದ ಚೂರಿಯಿಂದ ಸವರಿ, ಹೊಸ ಮಣ್ಣು ಕೊಟ್ಟು ಅಲ್ಲಿಯೇ ಕೂರಿಸಬಹುದು. ಒಂದು ವಾರ ನೆರಳಿನಲ್ಲಿಟ್ಟು ಬಿಸಿಲಿಗೆ ತರಬೇಕು. ಕೊನೆಯ ಕುಂಡ ಒಂದೂವರೆ ಅಡಿ ಅಗಲದ್ದಾದರೆ ಸಾಕು. ಹೀಗೆ ಐದಾರು ವರ್ಷ ನಡೆದು ಗಿಡ ಬಿರುಸಾದ ಮೇಲೆ ಅದನ್ನು ಬಿಟ್ಟು ಹೊಸ ಸಸಿ ಹಿಡಿಯುವುದೇ ಮೇಲು. ಕತ್ತರಿಸಿದ ಟೊಂಗೆಗಳನ್ನು ಮಾತ್ರ ಎಸೆಯಬೇಡಿರಿ. ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ, ರೇಶ್ಮೆ ಸೀರೆಗಳ ಪೆಟ್ಟಿಗೆಯ ಮೂಲೆಯಲ್ಲಿಟ್ಟರೆ ಮುಂದಿನ ಮಳೆಗಾಲದವರೆಗೆ ನಿಂಬೆಯ ವಾಸನೆಯಿರುತ್ತದೆ. ಒಣ ಎಲೆಯಲ್ಲಿ ಎಣ್ಣೆಯಿರುವುದರಿಂದ ಬೇಗ ಹೊತ್ತಿಕೊಳ್ಳುತ್ತದೆ. ಒಲೆಯ ಹತ್ತಿರವೂ ದೇವರ ದೀಪದ ಹತ್ತಿರವೂ ತೂಗುಹಾಕದಿರಿ.